ನೀರಿನಡಿಯ ಜಾಯಿಂಟು

ಟಕ್—ಮತ್ತೆ ಅದೇ ಸದ್ದು, ಬೇಡ ಹೋಗು ಎಂದು ಯಾರೋ ಲೊಚಗುಟ್ಟಿದ ಹಾಗೆ, ಹಸಿರು ಗುಂಡಿ ಒತ್ತಿದ್ದಷ್ಟೇ, ಆಂಪಿಯರ್ ಮುಳ್ಳು ಒಂದೇ ಏಟಿಗೆ ಕೊನೆ ಮುಟ್ಟಿ ಬಿತ್ತು, ಬೋರಿನ ಪಂಪಿನ ಸ್ಟಾರ್ಟರ್ ಟ್ರಿಪ್ಪಾಯಿತು, ಬೆನ್ನ ಹಿಂದೆ ದೊಡ್ಡ ಸಿಸ್ಟರ್, ಈ ಹೆರಿಗೆ ಆಸ್ಪತ್ರೆಯ ಬೀಗದ ಕೈ, ಬೈಗುಳ ಎರಡನ್ನೂ ಸೊಂಟಕ್ಕೆ ಕಟ್ಟಿಕೊಂಡವರು, ಏನಮ್ಮಾ ಆಗುತ್ತಾ ಆಗಲ್ವಾ, ಮೇಲೆ ಹನ್ನೊಂದು ಜನ ಬಾಣಂತಿಯರಿದ್ದಾರೆ, ಟ್ಯಾಂಕಲ್ಲಿ ಗೇಣುದ್ದ ನೀರಿಲ್ಲ, ಎರಡು ಗಂಟೆಗೆ ಆಪರೇಷನ್ನು, ಡಾಕ್ಟರು ಕೈ ಎಲ್ಲಿ ತೊಳೀಬೇಕು, ಆಗುತ್ತೆ ಸಿಸ್ಟರ್, ನೋಡ್ತಿದೀನಿ—ಏನು ನೋಡುತ್ತಿದ್ದಾಳೆ, ಮಣ್ಣು, ಅವಳಿಗೆ ಕಾಣುತ್ತಿರುವುದು ತನ್ನ ಗಂಡನ ಮುಖವೊಂದೇ, ಬಲಗಡೆ ಇಳಿಬಿದ್ದ ತುಟಿ, ಎರಡು ತಿಂಗಳ ಹಿಂದೆ ಇದೇ ಬೋರಿಗೆ ಹೊಸ ಪಂಪು ಇಳಿಸಿ ಸಂಜೆ ಮನೆಗೆ ಬಂದವರು ಮೆಟ್ಟಿಲ ಮೇಲೆ ಕೂತರು, ಕೈಯಿಂದ ಲೋಟ ಜಾರಿತು, ಆಮೇಲೆ ಆ ಕೈ ಏಳಲೇ ಇಲ್ಲ, ಅಂದಿನಿಂದ ಅವರ ಚೀಲ ಇವಳ ಹೆಗಲಿಗೆ. ಇಪ್ಪತ್ತು ವರ್ಷ ಪಕ್ಕದಲ್ಲಿ ನಿಂತು ಟಾರ್ಚು ಹಿಡಿದವಳಿಗೆ ಇಷ್ಟೂ ಗೊತ್ತಾಗದೆ ಇರುತ್ತದೆಯೇ, ಗೊತ್ತಿದೆ, ಎಲ್ಲ ಗೊತ್ತಿದೆ, ಗೊತ್ತಿರುವುದೇ ಈಗ ಕುತ್ತಿಗೆಗೆ ಬಂದಿದೆ. ಮೊದಲು ಹೊರಗಿಂದು ನೋಡು, ಮಂಚದ ಮೇಲಿಂದ ಅರ್ಧ ಬಾಯಲ್ಲಿ ಹೇಳುತ್ತಿರುತ್ತಾರೆ, ಕರೆಂಟು, ಆಮೇಲೆ ಸ್ಟಾರ್ಟರು, ಆಮೇಲೆ ಕೇಬಲ್ಲು, ಬೋರಿಂದ ಎತ್ತೋದು ಕಡೇ ಮಾತು—ನೋಡಿದಳು, ಮೂರು ಫೇಸೂ ಬಂದಿವೆ, ಒಂದಾದರೂ ಸತ್ತಿರಬಾರದಿತ್ತೇ, ರಿಲೇ ಸರಿಯಿದೆ, ಕಾಂಟ್ಯಾಕ್ಟರಿನ ತುದಿಗಳು ಕಪ್ಪಾಗಿದ್ದವು, ಅಲ್ಲಿ ಸ್ವಲ್ಪ ಜೀವ ಬಂತು, ಇದೇ ಇರಲಿ ಇದೇ ಇರಲಿ ಎಂದು ಉಜ್ಜಿ ಉಜ್ಜಿ ಹೊಳೆಸಿದಳು, ಟಕ್. ಎಲ್ಲರೂ ಕೆಟ್ಟಿದ್ದೇನು ಎಂದು ಹುಡುಕಿದರೆ ಇವಳು ಮೇಲೇ ಏನಾದರೂ ಕೆಟ್ಟಿರಲಿ ಎಂದು ಬೇಡುತ್ತಿದ್ದಾಳೆ, ಮೇಲಿನದೆಲ್ಲ ಗಟ್ಟಿಯಿದ್ದರೆ ಉಳಿಯುವುದು ಕೆಳಗಿನದು, ಕೆಳಗೆ ಇನ್ನೂರು ಅಡಿ ನೀರಿನಲ್ಲಿ ಮೋಟಾರಿನ ನೆತ್ತಿಗೆ ಅಂಟಿಕೊಂಡಿರುವುದು ಕೇಬಲ್ಲನ್ನೂ ಮೋಟಾರನ್ನೂ ಟೇಪು ಸುತ್ತಿ ಕೂಡಿಸಿದ ಅವರ ಜಾಯಿಂಟು, ಅವರು ಹಾಕಿದ ಕಟ್ಟಕಡೆಯ ಜಾಯಿಂಟು. ನೋಡಲು ಬಂದವರಿಗೆಲ್ಲ ಜೊಲ್ಲು ಒರೆಸಿಕೊಳ್ಳುತ್ತ ಅದೊಂದನ್ನೇ ಹೇಳುತ್ತಾರೆ, ಮೂವತ್ತು ವರ್ಷದಲ್ಲಿ ನನ್ನ ಒಂದು ಜಾಯಿಂಟೂ ನೀರು ಕುಡಿದಿಲ್ಲ, ಹೇಳಿದ ದಿನ ಎರಡು ತುತ್ತು ಹೆಚ್ಚು ಉಣ್ಣುತ್ತಾರೆ. ಅದನ್ನೂ ಕಿತ್ತುಕೊಂಡು ಮನೆಗೆ ಹೋಗಿ ಯಾವ ಮುಖ ತೋರಿಸಲಿ.

ಸ್ಟಾರ್ಟರಿನಿಂದ ಮೂರು ವೈರೂ ಬಿಚ್ಚಿದಳು, ಕೆಂಪು ಹಳದಿ, ಹಳದಿ ನೀಲಿ, ನೀಲಿ ಕೆಂಪು, ಮೀಟರಿನಲ್ಲಿ ಮೂರಕ್ಕೂ ಒಂದೇ ಲೆಕ್ಕ, ಮೋಟಾರಿನ ಸುರುಳಿ ಸುಟ್ಟಿಲ್ಲ, ಕುಣಿಯಬೇಕಾದ ಹೊತ್ತು, ಇವಳು ಇನ್ನೊಮ್ಮೆ ಅಳೆದಳು, ಅದೇ ಲೆಕ್ಕ, ಇನ್ನು ಕರೆಂಟಿನ ಸೋರಿಕೆ ಹಿಡಿಯುವ ಮೆಗ್ಗರ್ ಒಂದೇ ಬಾಕಿ, ಒಂದು ಕ್ಲಿಪ್ಪು ವೈರಿಗೆ, ಇನ್ನೊಂದು ಕಬ್ಬಿಣದ ಕೇಸಿಂಗಿಗೆ, ಹಿಡಿ ತಿರುಗಿಸಿದಳು, ಮುಳ್ಳು ಸೊನ್ನೆಯಿಂದ ಕೂದಲೆಳೆಯಷ್ಟೂ ಏಳಲಿಲ್ಲ, ಮತ್ತೆ ತಿರುಗಿಸಿದಳು, ಜೋರಾಗಿ, ಬಾವಿಯಿಂದ ಏನನ್ನೋ ಸೇದಿ ತೆಗೆಯುವವಳ ಹಾಗೆ, ಸೊನ್ನೆ. ನೀರು ಹೊಕ್ಕಿದೆ. ಎಲ್ಲಿ ಹೊಕ್ಕಿದೆ, ಜಾಯಿಂಟಿಗೋ ಮೋಟಾರಿಗೋ, ಸುರುಳಿ ಸರಿಯಿದ್ದೂ ಮೋಟಾರಿನೊಳಗೆ ಸೋರಬಹುದಲ್ಲ, ಸೋರಲಿ, ಹಾಳಾಗಿ ಹೋಗಲಿ ಮೋಟಾರು, ಕಂಪನಿಯವನ ತಲೆಗೆ ಕಟ್ಟಬಹುದು—ಛೀ, ಮೇಲೆ ಕೂಸುಗಳು ಅಳುತ್ತಿವೆ, ಯಾರದೋ ತಾಯಿ ಬಕೆಟ್ಟು ಹಿಡಿದು ಮೆಟ್ಟಿಲಲ್ಲಿ ನಿಂತಿದ್ದಾಳೆ, ನೀನು ಹೊಸ ಮೋಟಾರಿಗೆ ಶಾಪ ಹಾಕುತ್ತಿದ್ದೀಯಲ್ಲೇ, ಹಾಕುತ್ತೇನೆ, ಅವರ ಮಾನ ಉಳಿಯುವುದಾದರೆ ಹತ್ತು ಮೋಟಾರಿಗೆ ಹಾಕುತ್ತೇನೆ. ಎತ್ತಬೇಕು ಸಿಸ್ಟರ್, ನಾಲ್ಕು ಜನ ಬೇಕು. ವಾಚ್‌ಮನ್ನು, ಆಂಬುಲೆನ್ಸಿನ ಡ್ರೈವರು, ಯಾರೋ ಇಬ್ಬರು ಹೊಸ ಅಪ್ಪಂದಿರು, ಕಪ್ಪು ಪೈಪು ಅಂಗಳದುದ್ದಕ್ಕೂ ಎಳೆದುಕೊಂಡು ಹೋದರು, ಅಂಗೈ ಸಿಪ್ಪೆ ಎದ್ದಿತು, ಒಬ್ಬ ಅಪ್ಪ ಏದುಸಿರಲ್ಲೇ ನಗುತ್ತಾನೆ, ಅಕ್ಕಾ, ಒಳಗೆ ಅವಳ ಕಷ್ಟ ಈಗ ಗೊತ್ತಾಯ್ತು, ಎಲ್ಲರೂ ನಕ್ಕರು, ಅವಳೂ ನಕ್ಕಳು, ಮೋಟಾರು ಬಂತು, ಬಿಸಿಲಿಗೆ ತೊಟ್ಟಿಕ್ಕುತ್ತ ಮಲಗಿತು, ಅಷ್ಟರಲ್ಲಿ ಚೀಲದಲ್ಲಿ ಫೋನು. ಎತ್ತಿದ್ರಾ, ಅವರದೇ ದನಿ, ಎತ್ತಿದ್ವಿ ರೀ, ಜಾಯಿಂಟು ಬಿಚ್ಚಬೇಡ ಕಣೇ, ಕತ್ತರಿಸಿ ಬಿಸಾಕು, ಹೊಸದು ಹಾಕು, ಬಿಚ್ಚಬೇಡ.

ಬಿಚ್ಚಬೇಡ ಅಂದರೆ, ಯಾಕೆ ಬೇಡ—ಕಟ್ಟರಿನಿಂದ ಜಾಯಿಂಟಿನ ಆಚೆ ಈಚೆ ಕತ್ತರಿಸಿದಳು, ಮೋಟಾರಿನ ವೈರಿಗೆ ಮೆಗ್ಗರ್ ಹಚ್ಚಿದಳು, ಮುಳ್ಳು ಸರ್ರನೆ ಮೇಲೇರಿ ತುದಿಯಲ್ಲಿ ನಿಂತಿತು, ಹಾಳಾದ ಮೋಟಾರು ಗುಂಡುಕಲ್ಲಿನ ಹಾಗಿದೆ, ಕೇಬಲ್ಲೂ ಹಾಗೇ ಇದೆ, ಉಳಿದದ್ದು ಕೈಯಲ್ಲಿರುವ ಈ ಮೊಳದುದ್ದದ ತುಂಡು. ಮೋಟಾರ್ ಹೋಯ್ತೇನಮ್ಮಾ, ಹೂಂ ಎಂದರೆ ಮುಗಿಯಿತು, ಯಾರಿಗೆ ಗೊತ್ತಾಗುತ್ತದೆ, ಬಾಯಿ ತೆರೆದಳು, ಇಲ್ಲ ಸಿಸ್ಟರ್, ಜಾಯಿಂಟು, ನಮ್ಮದೇ ತಪ್ಪು, ಅರ್ಧ ಗಂಟೇಲಿ ಹೊಸದು ಹಾಕ್ತೀನಿ, ಅಂದಳು, ಅಂದದ್ದು ತಾನೇ ಏನೋ ಎಂದು ತನಗೇ ಅನುಮಾನ, ಬೆರಳು ಮಾತ್ರ ಆ ತುಂಡನ್ನು ಬಿಚ್ಚತೊಡಗಿತ್ತು. ಕೆಂಪು ವೈರಿನ ಸುತ್ತು, ಅಬ್ಬಾ, ಅವರದೇ ಕೈ, ಒಂದು ಸುತ್ತು ಹಿಂದಿನದರ ಅರ್ಧಕ್ಕೆ ಸರಿಯಾಗಿ ಕೂತಿದೆ, ಹೊಲಿದ ಹಾಗೆ, ಹಳದಿಯೂ ಹಾಗೇ, ನೀಲಿ—ನೀಲಿಯಲ್ಲಿ ಮೂರು ಸುತ್ತು ಸರಿಯಾಗಿವೆ, ನಾಲ್ಕನೆಯದು ಜಾರಿದೆ, ಆಮೇಲೆ ಒಂದು ಸಂದು, ಒಳಗಿನ ತಾಮ್ರ ಹಸಿರುಗಟ್ಟಿದೆ, ಸಂದಿನಾಚೆ ಟೇಪು ಉಲ್ಟಾ ತಿರುಗಿದೆ, ಸಡಿಲ, ಸೊಟ್ಟ, ಎಡಗೈಯಲ್ಲಿ ಸುತ್ತಿದ್ದು, ಎಡಗೈಯಲ್ಲಿ, ದೇವರೇ, ಕೈ ಬಿದ್ದದ್ದು ಮನೆಯ ಮೆಟ್ಟಿಲಲ್ಲಲ್ಲ, ಇಲ್ಲಿ, ಈ ನಾಲ್ಕನೆಯ ಸುತ್ತಿನಲ್ಲಿ. ಬೆಳಿಗ್ಗೆಯೇ ಶುರುವಾಗಿದೆ ಈ ಲಕ್ವ, ತಡ ಮಾಡಿಬಿಟ್ರಿ, ಹೊತ್ತಿಗೆ ತಂದಿದ್ದರೆ ಇಂಜೆಕ್ಷನ್ ಇತ್ತು ಎಂದ ಡಾಕ್ಟರಿಗೆ ಇವಳು ಎರಡು ತಿಂಗಳು ಹಿಡಿಶಾಪ ಹಾಕಿದ್ದಾಳೆ, ಸುಳ್ಳ, ಕರಕೊಂಡು ಬರುವ ಅರ್ಧ ಗಂಟೆ ಮುಂಚೆ ನೆಟ್ಟಗಿದ್ದರು ಎಂದು—ನೆಟ್ಟಗಿರಲಿಲ್ಲ, ಕೈ ಸತ್ತ ಮೇಲೂ ಸುತ್ತಿದ್ದಾರೆ, ಪಂಪು ಇಳಿಸಿ, ನೀರು ಬಂದದ್ದು ನೋಡಿ, ಆಮೇಲೆ ಮನೆಗೆ, ಯಾಕೆ ರೀ, ಯಾರನ್ನಾದರೂ ಕೂಗಬಾರದಿತ್ತೇ, ನನಗೊಂದು ಫೋನು—ಮಾಡಿದ್ದರು. ಮಾಡಿದ್ದರು. ಹನ್ನೊಂದು ಗಂಟೆಗೆ, ಲೇ, ಕೈ, ಕೈ ಎಂದು ಏನೋ ತೊದಲು, ಬಾಯಲ್ಲಿ ಏನಿಟ್ಕೊಂಡಿದೀರಿ, ಉಗುಳಿ ಮಾತಾಡಿ, ಒಲೆ ಮೇಲೆ ಹಾಲಿದೆ, ಎಂದು ಇಟ್ಟುಬಿಟ್ಟಳು, ಹಾಲು ಉಕ್ಕಲಿಲ್ಲ, ಹೊತ್ತಿಗೆ ಸರಿಯಾಗಿ ಇಳಿಸಿದಳು, ಅದು ಚೆನ್ನಾಗಿ ನೆನಪಿದೆ. ಅಮ್ಮಾ, ಒಂದೂವರೆ ಆಯ್ತು. ಬಂದೆ ಸಿಸ್ಟರ್. ಹೊಸ ಟೇಪು ತೆಗೆ, ಚಾಕು ತೆಗೆ, ಹಲ್ಲಲ್ಲಿ ಮಾತ್ರ ಹರೀಬೇಡ, ತುದಿ ನುಲಿದು ನೀರಿಗೆ ದಾರಿಯಾಗುತ್ತೆ ಎಂದು ಅವರು ಇವಳಿಗೆ ಎಷ್ಟು ಸಲ ಬೈದಿಲ್ಲ, ಮೂವತ್ತು ವರ್ಷ ಒಮ್ಮೆಯೂ ಹಲ್ಲು ತಾಗಿಸಿದವರಲ್ಲ, ಈ ನೀಲಿ ವೈರಿನ ಟೇಪಿನ ತುದಿ ನುಲಿದಿದೆ, ಅಲ್ಲಿ ಹಲ್ಲಿನ ಗುರುತು, ನಾಲ್ಕು, ಸಾಲಾಗಿ, ಎಲ್ಲವೂ ಎಡಗಡೆಯವು, ಚೀಲದಲ್ಲಿ ಫೋನು ಮತ್ತೆ ಬಡಿದುಕೊಳ್ಳುತ್ತಿದೆ, ಹೇಗಿತ್ತೇ ಎಂದು ಕೇಳುತ್ತಾರೆ, ಚಾಕು ಎಲ್ಲಿ, ಚಾಕು, ನಾಲ್ಕು ಹಲ್ಲು, ತಿರುಗಿಸಿ ನೋಡಿದಳು, ಹಿಂದುಗಡೆಯೂ ಮೂಡಿವೆ, ಅಷ್ಟು ಗಟ್ಟಿಯಾಗಿ ಕಚ್ಚಿದ್ದಾರೆ, ನಾಲ್ಕು ಹಲ್ಲು—