ಗೋಡೆಯಾಚೆಯ ಸಾಲು

ಬಡಾವಣೆಗೆ ಕಾಂಪೌಂಡ್ ಗೋಡೆ ಬೇಕೇ ಬೇಕು ಎಂದು ಹಠ ಹಿಡಿದವರಲ್ಲಿ ಟೀಚರಮ್ಮನೇ ಮುಂದು. ಸಂಘದ ಕಾರ್ಯದರ್ಶಿ ಬೇರೆ. ಎರಡು ಮನೆಗಳಲ್ಲಿ ಕಳವಾದ ಮೇಲೆ ಮನೆಮನೆ ತಿರುಗಿ ಎಲ್ಲರನ್ನೂ ಒಪ್ಪಿಸಿದಳು. ಒಂದು ಪೈಪು ಒಡೆದರೆ ಮೂರು ಸಭೆ ಮಾಡುವ ಜನ, ಗೋಡೆಗೆ ಮಾತ್ರ ಒಂದೇ ಉಸಿರಿಗೆ ಹೂಂ ಎಂದರು. ಹೆದರಿಕೊಂಡವರನ್ನು ಒಪ್ಪಿಸುವುದು ಅಷ್ಟೇನೂ ಕಷ್ಟವಲ್ಲ.

ನಕ್ಷೆಯನ್ನು ಮಾತ್ರ ಅವಳು ಬಿಚ್ಚಿ ನೋಡಿರಲಿಲ್ಲ. ತನ್ನ ಹಿತ್ತಲಿಗೆ ಅಂಟಿಕೊಂಡ ಶೀಟಿನ ಮನೆಗಳ ಸಾಲೂ ಬಡಾವಣೆಯದೇ ಎಂದು ತಿಳಿದಿದ್ದಳು. ಟೈಲರಕ್ಕನ ಮನೆ ಆ ಸಾಲಿನಲ್ಲಿತ್ತು. ಸುತ್ತ ಖಾಲಿ ಸೈಟು, ಮುಳ್ಳುಕಂಟಿ ಬಿಟ್ಟರೆ ಬೇರೇನೂ ಇಲ್ಲದ ಕಾಲದಲ್ಲಿ ಇಲ್ಲಿ ದೀಪ ಉರಿಯುತ್ತಿದ್ದದ್ದು ಇವರಿಬ್ಬರ ಮನೆಯಲ್ಲೇ. ಟೀಚರಮ್ಮನ ಮಗಳಿಗೆ ಜ್ವರ ನೆತ್ತಿಗೇರಿದಾಗ ಮಿಷನ್ ಬಿಟ್ಟೆದ್ದು, ಮಗುವನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದವಳು ಟೈಲರಕ್ಕ. ಹಿತ್ತಲ ಬಾಗಿಲಿಂದ ಬಂದು ಅಡುಗೆಮನೆಯಲ್ಲಿ ಕೂತಳೆಂದರೆ ಇಬ್ಬರಿಗೂ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಪಾಯ ತೋಡಿದಾಗ ಗೊತ್ತಾಯಿತು: ಗೋಡೆ ಹಿತ್ತಲ ಬಾಗಿಲಿಗೇ ಅಡ್ಡ ಬರುತ್ತದೆ, ಆ ಸಾಲು ಹೊರಗುಳಿಯುತ್ತದೆ. ಟೀಚರಮ್ಮ ಅಧ್ಯಕ್ಷರ ಹತ್ತಿರ ರಾಗ ಎಳೆದಳು. ಬೇಕು ಎಂದವರೂ ನೀವೇ, ಈಗ ಬೇಡ ಎನ್ನುವವರೂ ನೀವೇ ಆದರೆ ಹೇಗೆ ಎಂದರು ಅವರು. ಸುತ್ತಿ ಬಂದರಾಯಿತು, ಏನು ಮಹಾ ದೂರ ಎಂದು ತನಗೂ ಸಮಾಧಾನ ಹೇಳಿಕೊಂಡಳು, ಟೈಲರಕ್ಕನಿಗೂ ಹೇಳಿದಳು. ನಡೆದರೆ ಮಂಡಿಗೆ ಒಳ್ಳೆಯದೇ ಬಿಡು ಎಂದು ಅವಳು ನಕ್ಕುಬಿಟ್ಟಳು.

ಗೇಟಿಗೆ ಕಾವಲುಗಾರ ಬಂದ. ಯಾರ ಮನೆಗೆ, ಏನು ಕೆಲಸ ಎಂದು ಕೇಳಬೇಕು, ಮನೆಯವರಿಗೆ ಫೋನ್ ಮಾಡಬೇಕು, ಎತ್ತದಿದ್ದರೆ ಯಾರೇ ಆಗಲಿ ಒಳಗೆ ಬಿಡಕೂಡದು. ಟೀಚರಮ್ಮ ಇದನ್ನು ಮಕ್ಕಳಿಂದ ಮಗ್ಗಿ ಹೇಳಿಸುವ ಹಾಗೆ ಅವನಿಂದ ಹೇಳಿಸಿದ್ದಳು.

ಒಂದು ಭಾನುವಾರ ಅವಳು ಸಂಘದ ಸಭೆ ಮುಗಿಸಿ ಬರುವಾಗ ಅವನು ಉಬ್ಬಿಕೊಂಡು ವರದಿ ಒಪ್ಪಿಸಿದ. ಟೀಚರಮ್ಮನ ಮನೆಗೆಂದು ಇಬ್ಬರು ಹೆಂಗಸರು ಬಂದಿದ್ದರಂತೆ, ಒಬ್ಬಳು ವಯಸ್ಸಾದವಳು, ಒಬ್ಬಳು ಚಿಕ್ಕವಳು. ಕೆಲಸ ಏನು ಎಂದರೆ ಸುಮ್ಮನೆ ಬಂದೆವು ಎಂದರಂತೆ. ಬಹಳ ಹೊತ್ತು ಬಿಸಿಲಲ್ಲೇ ನಿಂತಿದ್ದರಂತೆ. ದೊಡ್ಡವಳು ಮನೆಯವಳ ಹಾಗೆ ಜೋರು ಮಾಡಿದರೂ ಇವನು ಜಗ್ಗಲಿಲ್ಲವಂತೆ.

"ನೀವು ಹೇಳ್ಕೊಟ್ಟ ಹಾಗೇ ಮಾಡ್ದೆ ಮೇಡಂ" ಎಂದ.

ಫೋನ್ ತೆಗೆದು ನೋಡಿದರೆ ಗೇಟಿನಿಂದ ಬಂದ ಕರೆಗಳು ಹಾಗೇ ಇದ್ದವು. ಸಭೆಯಲ್ಲಿ ಫೋನಿನ ಸದ್ದು ಅಡಗಿಸಿ ಇಟ್ಟವಳು ಅವಳೇ. ಮನೆಗೂ ಹೋಗದೆ ಗೋಡೆ ಸುತ್ತಿಕೊಂಡು ಟೈಲರಕ್ಕನ ಮನೆಗೆ ಹೊರಟಳು.

ಟೈಲರಕ್ಕನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಕುರ್ಚಿಯ ಮೇಲಿನ ಬಟ್ಟೆಗಳನ್ನು ಸರಿಸಿ, ಒರೆಸಿ ಕೂರಿಸಿದಳು. ದೂರದೂರಿನಲ್ಲಿ ಮದುವೆಯಾಗಿ ಹೊಸದಾಗಿ ಮನೆ ಸೇರಿದ ಸೊಸೆ ನೀರು ತಂದಿಟ್ಟು ಒಳಗೆ ಹೋದಳು. ಟೀಚರಮ್ಮ ತಪ್ಪಾಯಿತು ಎಂದಳು, ಫೋನಿನ ಕಥೆ ಹೇಳಿದಳು, ನಾಳೆಯೇ ನಿನಗೊಂದು ಪಾಸ್ ಮಾಡಿಸಿಕೊಡುತ್ತೇನೆ ಎಂದಳು.

"ಪಾಸ್ ಬೇಡ ಬಿಡು" ಎಂದಳು ಟೈಲರಕ್ಕ, ಸೊಸೆಗೆ ಕೇಳಿಸದಷ್ಟು ಮೆಲ್ಲಗೆ. "ನನಗಿರೋ ತವರುಮನೆ ಅದೊಂದೇ, ಬಾ ತೋರಿಸ್ತೀನಿ ಅಂತ ದಾರಿಯುದ್ದಕ್ಕೂ ಈ ಹುಡುಗಿಗೆ ಹೇಳ್ಕೊಂಡು ಬಂದಿದ್ದೆ."

ಟೀಚರಮ್ಮ ಅವಳ ಕೈ ಹಿಡಿಯಹೋದಳು. ಅಷ್ಟರಲ್ಲಿ ಸೊಸೆ ಬಾಗಿಲಿಗೆ ಬಂದು, ಇವರು ಯಾರು ಅತ್ತೆ ಎಂದು ಕೇಳಿದಳು.

ಟೈಲರಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು.

"ರವಿಕೆ ಹೊಲಿಸೋಕೆ ಬಂದಿದಾರೆ ಕಣಮ್ಮ" ಎಂದು ಕೊರಳಲ್ಲಿದ್ದ ಟೇಪು ತೆಗೆದಳು.

ಟೀಚರಮ್ಮ ಎದ್ದು ನಿಂತು ಅಳತೆಗೆ ತೋಳು ಚಾಚಿದಳು.