ಬೋರ್ಡು ಎತ್ತಿದರೂ ಹೊರಗೆ ಬಾರದವನು

ಮೊಂಡ ಎನ್ನುವುದು ಅವನಿಗೆ ಅಕ್ಕ ಇಟ್ಟ ಹೆಸರು. ಅಂಬೆಗಾಲಿಡುವ ವಯಸ್ಸಿನಲ್ಲಿ ಬಿದ್ದರೆ ಅಳುತ್ತಿರಲಿಲ್ಲವಂತೆ, ಎತ್ತಿಕೊಳ್ಳಲು ಬಂದವರ ಕೈ ಕಚ್ಚುತ್ತಿದ್ದನಂತೆ. ಆಮೇಲೆ ಶಾಲೆಯ ಮೇಷ್ಟ್ರು ಆ ಹೆಸರಿಗೆ ಮೊಹರು ಒತ್ತಿ ಮನೆಗೆ ಕಳಿಸಿದರು. ಅವನು ಕೆಲಸಕ್ಕಿದ್ದ, ಲಾರಿ ಟೈರು ಬಿಚ್ಚುವ ಅಂಗಡಿಯವನು ಅದನ್ನೇ ದಿನವಿಡೀ ಕೂಗಿ ಬೀದಿಗೆಲ್ಲ ಹಂಚಿದ. ಹೀಗಾಗಿ ದೇಶದ ಅತಿ ದೊಡ್ಡ ಫುಟ್‌ಬಾಲ್ ಲೀಗಿನಲ್ಲಿ ಆಡುವ ತಂಡವೊಂದು ಅವನನ್ನು ಒಂದು ಸೀಸನ್ನಿನ ಮಟ್ಟಿಗೆ ಸೇರಿಸಿಕೊಂಡಾಗ, ಹೆಸರು ಅವನಿಗಿಂತ ಮುಂಚೆಯೇ ಅಲ್ಲಿಗೆ ತಲುಪಿ ಕಾಲು ಚಾಚಿ ಕೂತಿತ್ತು.

ಸೇರಿಸಿಕೊಂಡರು ಅಂದರೆ ಬದಲಿ ಆಟಗಾರರ ಬೆಂಚಿಗೆ. ಬೆಂಚಿನ ತುದಿಯಲ್ಲಿ, ನೀರಿನ ಬಾಟಲಿಗಳ ಕ್ರೇಟಿನ ಪಕ್ಕ. ಅಲ್ಲಿಂದ ಅವನು ತನ್ನ ತಂಡ ಸೋಲುವುದನ್ನು ನೋಡಿದ. ಬಿಸಿಲಲ್ಲಿ ಸೋತರು, ಕೆಸರಲ್ಲಿ ಸೋತರು, ದೀಪದ ಬೆಳಕಲ್ಲಿ ಸೋತರು. ಮರಳುವ ಬಸ್ಸಿನಲ್ಲಿ ಯಾರೂ ಉಸಿರೆತ್ತುತ್ತಿರಲಿಲ್ಲ. ಸೀಸನ್ನಿನ ಕೊನೆಗೆ ಪಟ್ಟಿಯ ಬುಡದಲ್ಲಿ ಉಳಿಯುವ ತಂಡ ಕೆಳಗಿನ ದರ್ಜೆಗೆ ಇಳಿಯಬೇಕು. ಇಳಿಯುವವರು ಇವರೇ ಎಂದು ಪತ್ರಿಕೆಯವರು ಆಗಲೇ ತಿಥಿ ಮಾಡಿ ಮುಗಿಸಿದ್ದರು.

ಒಂದು ಮಧ್ಯಾಹ್ನ ಬಲಬದಿ ಕಾಯುವ ರೈಟ್ ಬ್ಯಾಕ್ ಆಡುತ್ತಿದ್ದವನ ಹಿಮ್ಮಡಿ ಮುರಿಯಿತು. ಕೋಚ್ ಬೆಂಚಿನ ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸಿದ. ಯಾವಾಗಲೂ ಇಸ್ತ್ರಿ ಮುರಿಯದ ಕೋಟು ಹಾಕುವ ಮನುಷ್ಯ, ಮುಖದಲ್ಲೂ ಒಂದು ಗೆರೆ ಸುಕ್ಕಾಗುತ್ತಿರಲಿಲ್ಲ. ಅವತ್ತು ಆಯಿತು.

"ಬೇರೆ ಗತಿ ಇಲ್ಲ. ಎದ್ದೇಳು," ಅಂದ.

ಲೀಗಿನಲ್ಲಿ ಮೊಂಡನಿಗೆ ಸಿಕ್ಕ ಸ್ವಾಗತ ಇಷ್ಟೇ. ಅವನಿಗೆ ಅಷ್ಟು ಸಾಕಾಗಿತ್ತು. ರಿಮ್ಮಿಗೆ ಕಚ್ಚಿಕೊಂಡ ಟೈರನ್ನು ಕಬ್ಬಿಣದ ರಾಡು ಹಾಕಿ ಮೀಟುತ್ತಿದ್ದವನು, ಎದುರಾಳಿಯ ಕಾಲಿಗೆ ಕಚ್ಚಿಕೊಂಡ ಚೆಂಡನ್ನೂ ಹಾಗೇ ಮೀಟಿದ. ಸೊಗಸು ಗಿಗಸು ಏನೂ ಇರಲಿಲ್ಲ. ಹಳದಿ ಕಾರ್ಡುಗಳು ಮೈಮೇಲೆ ಎಲೆ ಉದುರಿದಂತೆ ಉದುರಿದವು. ಬಂದರಿನ ಊರಿಗೆ ಆಡಲು ಹೋದಾಗ ಕೆಂಪು ಕಾರ್ಡೇ ಬಿತ್ತು. ಹೊರಗೆ ನಡೆದು ಬರುವಾಗ ಅಲ್ಲಿನ ಜನ ಕಿತ್ತಳೆ ಸಿಪ್ಪೆ, ನೀರಿನ ಬಾಟಲಿ, ಒಬ್ಬ ಮಹಾನುಭಾವ ತನ್ನ ಒಂದು ಕಾಲಿನ ಚಪ್ಪಲಿ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದರು.

"ಇನ್ನೊಂದೂ ಎಸೆದಿದ್ರೆ ಜೋಡಿಯಾಗ್ತಿತ್ತು, ನಂಗಾದ್ರೂ ಉಪಯೋಗಕ್ಕೆ ಬರ್ತಿತ್ತು," ಅಂದ ಭಾವ. ಅಕ್ಕನ ಗಂಡ, ಕ್ಷೌರದಂಗಡಿಯವನು. ಅಂಗಡಿಯ ಹಿಂದಿನ ಎರಡು ಕೋಣೆಗಳೇ ಮನೆ. ಮೊಂಡ ಮಲಗುತ್ತಿದ್ದುದು ಅಂಗಡಿಯಲ್ಲೇ, ಷಟರ್ ಎಳೆದ ಮೇಲೆ, ಗಿರಾಕಿಗಳು ಕಾಯುವ ಬೆಂಚಿನ ಮೇಲೆ. ಎಷ್ಟು ಗುಡಿಸಿದರೂ ಬೆಳಿಗ್ಗೆ ಅವನ ಕುತ್ತಿಗೆಗೆ ಯಾರದೋ ಕೂದಲು ಅಂಟಿರುತ್ತಿತ್ತು.

ಬರಬರುತ್ತಾ ತಂಡ ಚೇತರಿಸಿಕೊಂಡಿತು. ಒಂದು ಪಂದ್ಯ ಗೆದ್ದರು, ಅದು ಹೇಗೆ ಎಂದು ಗೆದ್ದವರಿಗೇ ತಿಳಿಯಲಿಲ್ಲ. ಪಟ್ಟಿಯ ತಲೆಯ ಮೇಲೆ ಕೂತಿದ್ದವರ ಜೊತೆ ಡ್ರಾ ಮಾಡಿಕೊಂಡರು. ಆ ಪಂದ್ಯದಲ್ಲಿ ಹುಬ್ಬು ಸೀಳಿ, ಹೊಲಿಗೆ ಹಾಕಿಸಿಕೊಂಡು ಮತ್ತೆ ಓಡಿದ ಮೊಂಡನ ಹೆಗಲ ಮೇಲೆ ಕೋಚ್ ಕೈ ಹಾಕಿದ. "ಮುಂದಿನ ವರ್ಷವೂ ನೀನು ಬೇಕು. ಕೊನೆ ಪಂದ್ಯ ಆದಮೇಲೆ ಸಹಿ ಮಾಡೋಣ."

ಈ ಮಾತನ್ನು ಅಕ್ಕ ಸೆರಗಿಗೆ ಗಂಟು ಹಾಕಿಕೊಂಡಳು. ಅವಳಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಬಿಸಿ ಯಂತ್ರದಿಂದ ಹೊರಬರುವ ಬೆಡ್‌ಶೀಟುಗಳನ್ನು ಇನ್ನೊಬ್ಬಳ ಜೊತೆ ಎದುರು ಬದುರು ನಿಂತು ಮಡಚಿ ಮಡಚಿ ಅವಳ ಬೆರಳ ತುದಿಗಳಲ್ಲಿ ಗೆರೆಗಳೇ ಅಳಿಸಿಹೋಗಿದ್ದವು. ಟೈರಂಗಡಿಯವನು ದಾರಿಯಲ್ಲಿ ಸಿಕ್ಕಾಗಲೆಲ್ಲ, "ನಿನ್ನ ತಮ್ಮನ ರಾಡು ಹಾಗೇ ಇಟ್ಟಿದೀನಮ್ಮ, ತುಕ್ಕು ಹಿಡಿಯೋಕೆ ಬಿಟ್ಟಿಲ್ಲ," ಎಂದು ಹಲ್ಲು ಕಿಸಿಯುತ್ತಿದ್ದ. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

"ನೋಡು," ಅಂದಳು ಕೊನೆಯ ಪಂದ್ಯದ ಬೆಳಿಗ್ಗೆ. "ಇದೊಂದು ದಿನ ಬಾಯಿ ಮುಚ್ಕೊಂಡಿರು. ಸಹಿ ಆಗಲಿ. ಆಮೇಲೆ ಬೇಕಾದ್ರೆ ಊರ ತುಂಬಾ ಜಗಳ ಆಡ್ಕೊಂಡು ಬಾ, ನಾನೇ ಬಂದು ಬಿಡಿಸ್ಕೋತೀನಿ."

"ಆಯ್ತಕ್ಕ."

"ಹೂಂ ಅಂದಷ್ಟು ಸುಲಭ ಅಲ್ಲ ಅದು ನಿಂಗೆ."

"ಆಯ್ತು ಅಂದ್ನಲ್ಲ."

ಕೊನೆಯ ಪಂದ್ಯದ ಲೆಕ್ಕ ಹೀಗಿತ್ತು. ಪಟ್ಟಿಯ ಬುಡದಲ್ಲಿ ಮೂರು ತಂಡ: ಇವರದ್ದು, ಇವತ್ತು ಇವರ ಎದುರು ಆಡುವವರದ್ದು, ಬಂದರಿನವರದ್ದು. ಬಂದರಿನವರು ತಮ್ಮ ಪಂದ್ಯವನ್ನು ಹಿಂದಿನ ದಿನವೇ ಆಡಿ ಮುಗಿಸಿ ಕೈಕಟ್ಟಿ ಕೂತಿದ್ದರು. ಇವತ್ತು ಒಬ್ಬರು ಗೆದ್ದರೆ, ಸೋತವರು ಕೆಳಗಿನ ದರ್ಜೆಗೆ. ಡ್ರಾ ಆದರೆ ಇಬ್ಬರೂ ಉಳಿದರು, ಬಂದರಿನವರು ಹೋದರು.

ಡ್ರೆಸ್ಸಿಂಗ್ ರೂಮಿನಲ್ಲಿ ಕೋಚ್ ಬಾಗಿಲು ಹಾಕಿಸಿದ. ಆಟದ ತಂತ್ರ ಬರೆಯುವ ಗೋಡೆಯ ಹಲಗೆಯ ಮೇಲೆ ಅವತ್ತು ಒಂದು ಬಾಣದ ಗುರುತೂ ಇರಲಿಲ್ಲ, ಸ್ವಚ್ಛವಾಗಿ ಒರೆಸಿತ್ತು.

"ಇವತ್ತು ಯಾರೂ ಅವಸರ ಮಾಡೋದು ಬೇಡ," ಅಂದ. "ಅವರೂ ಅವಸರ ಮಾಡಲ್ಲ."

ಎಲ್ಲರಿಗೂ ಒಮ್ಮೆಲೇ ಬೂಟಿನ ದಾರದ ಮೇಲೆ ಪ್ರೀತಿ ಹುಟ್ಟಿ ತಲೆ ಬಗ್ಗಿಸಿದರು.

"ಅಂದ್ರೆ?" ಎಂದ ಮೊಂಡ.

ಪಕ್ಕದಲ್ಲಿದ್ದ ಕ್ಯಾಪ್ಟನ್ ಅವನ ಮೊಣಕಾಲು ಅದುಮಿದ. ಮೀಸೆಯಲ್ಲಿ ಬಿಳಿ ಕೂದಲು ಇಣುಕುತ್ತಿದ್ದ, ಬೆಳಿಗ್ಗೆ ಎದ್ದರೆ ಮೊಣಕಾಲು ಮಡಚಲು ಬಿಸಿನೀರು ಬೇಕಾಗುತ್ತಿದ್ದ ಆಟಗಾರ. "ಅಂದ್ರೆ ಅಂದ್ರೇನೋ? ಅರ್ಥ ಆಗಿದೆ ನಿಂಗೆ. ಸುಮ್ನಿರು, ಸಂಜೆ ಊಟ ಹಾಕಿಸ್ತೀನಿ."

ಅರ್ಥ ಆಗಿತ್ತು. ಅದೇ ತೊಂದರೆ.

ಆದರೂ ಅಕ್ಕನಿಗೆ ಕೊಟ್ಟ ಮಾತು. ಮೊದಲರ್ಧ ಅವನು ಮಾತು ಉಳಿಸಿಕೊಂಡ. ಚೆಂಡು ಇವರ ಗೋಲ್‌ಕೀಪರನಿಂದ ಕ್ಯಾಪ್ಟನ್‌ಗೆ, ಕ್ಯಾಪ್ಟನ್‌ನಿಂದ ಮೊಂಡನಿಗೆ, ಮೊಂಡನಿಂದ ಮತ್ತೆ ಕೀಪರನಿಗೆ. ಎದುರು ತಂಡದವರು ದೂರದಲ್ಲಿ ಸೊಂಟದ ಮೇಲೆ ಕೈಯಿಟ್ಟು ನೋಡುವುದು. ಬೇಸರ ಬಂದಾಗ ಚೆಂಡನ್ನು ಅವರಿಗೆ ಒಪ್ಪಿಸುವುದು, ಅವರೂ ಅದನ್ನೇ ಮಾಡುವುದು. ರಾತ್ರಿಯ ಮಳೆಗೆ ನೆಲ ಇನ್ನೂ ಕೆಸರು. ಮೈದಾನ ತುಂಬಾ ಜನ. ಮೊದಮೊದಲು ನಕ್ಕರು, ಆಮೇಲೆ ಸಿಳ್ಳೆ ಹೊಡೆದರು, ಆಮೇಲೆ ಅದಕ್ಕೂ ಬೇಜಾರಾಗಿ ಫೋನು ನೋಡತೊಡಗಿದರು. ಗೋಪುರದ ಮೇಲಿನ ಕ್ಯಾಮೆರಾದ ಹಿಂದೆ ನಿಂತಿದ್ದವನು ಆಕಳಿಸುವುದು ಕೆಳಗಿದ್ದ ಮೊಂಡನಿಗೂ ಕಾಣಿಸಿತು.

ದ್ವಿತೀಯಾರ್ಧದಲ್ಲಿ ಒಮ್ಮೆ ಅವನು ಅಭ್ಯಾಸಬಲದಿಂದ ಚೆಂಡಿನ ಹಿಂದೆ ಜೋರಾಗಿ ಓಡಿದ. ಎದುರು ತಂಡದವನೊಬ್ಬ ಆತ್ಮೀಯನಂತೆ ಅವನ ಬೆನ್ನು ತಟ್ಟಿದ.

"ನಿಧಾನ ತಮ್ಮಾ. ಕಾಲು ಉಳುಕೀತು. ಇವತ್ತು ರಜಾ ಕಣೋ."

ರಜಾ. ಹುಬ್ಬಿನ ಹೊಲಿಗೆ, ಕಳಚಿಹೋದ ಹೆಬ್ಬೆರಳಿನ ಉಗುರು, ಸೋತು ಬಂದ ಬಸ್ಸುಗಳ ಮೌನ, ಕೆಸರಲ್ಲಿ ಕಿತ್ತುಕೊಂಡ ಒಂದೊಂದು ಪಾಯಿಂಟು, ಇದೆಲ್ಲ ಆದದ್ದು ಕೊನೆಗೆ ರಜಾ ಹಾಕುವುದಕ್ಕಾಗಿಯೇ? ಬಂದರಿನವರ ಮೇಲೆ ಅವನಿಗೆ ಎಳ್ಳಷ್ಟೂ ಮಮತೆಯಿರಲಿಲ್ಲ. ಇಳಿಯುವುದಾದರೆ ಸಂತೋಷವಾಗಿ ಇಳಿಯಲಿ. ಆದರೆ ಯಾರೋ ಒದ್ದು ಇಳಿಸಲಿ, ಹೀಗೆ ನಿದ್ದೆ ಮಾಡಿಕೊಂಡು ಅಲ್ಲ. ಅವನ ಕಿವಿ ಬಿಸಿಯಾಯಿತು. ಮುಂದಿನ ಸಲ ಚೆಂಡು ಕಾಲಿಗೆ ಬಂದಾಗ ಅವನು ಹಿಂದಕ್ಕೆ ಕೊಡಲಿಲ್ಲ. ಮುಂದಕ್ಕೆ ಓಡಿದ.

ಎದುರಿನವರು ಬೆಪ್ಪಾಗಿ ದಾರಿ ಬಿಟ್ಟರು. ಗೋಲಿನ ಹತ್ತಿರ ಹೋಗಿ ಒದ್ದ ಚೆಂಡು ಬಲೆಯ ಹೊರಬದಿಗೆ ಬಡಿಯಿತು. ಜನ ಫೋನಿನಿಂದ ತಲೆ ಎತ್ತಿದರು. ಕೋಚ್ ಗೆರೆಯಂಚಿಗೆ ಬಂದು ಅಂಗೈ ಕೆಳಮುಖ ಮಾಡಿ ಗಾಳಿಯನ್ನು ಒತ್ತಿದ: ನಿಧಾನ. ಮೊಂಡ ಮತ್ತೆ ಓಡಿದ. ಆಗ ಗೆರೆಯಾಚೆ ನಂಬರಿನ ಬೋರ್ಡು ಮೇಲೆದ್ದಿತು. ಕೆಂಪು ದೀಪದಲ್ಲಿ ಎರಡು. ಅವನ ನಂಬರು. ಬದಲಿ ಆಟಗಾರ ಅಂಗಿ ಒಳಗೆ ಸಿಕ್ಕಿಸಿಕೊಂಡು ತಯಾರಾಗಿ ನಿಂತಿದ್ದ.

ಮೊಂಡ ಬೋರ್ಡು ನೋಡಿದ. ನೋಡಿ ಅದಕ್ಕೆ ಬೆನ್ನು ಹಾಕಿ ತನ್ನ ಜಾಗಕ್ಕೆ ಹೋಗಿ ನಿಂತ.

ಕ್ಯಾಪ್ಟನ್ ಓಡಿ ಬಂದ. "ಲೇ, ನಿನ್ನನ್ನೇ ಕರೀತಿರೋದು."

"ಕಾಣಿಸ್ತು."

"ಮತ್ತೆ ಹೋಗು."

"ಹೋಗಲ್ಲ ಅಣ್ಣಾ."

"ಹೋಗಲ್ಲ ಅಂದ್ರೆ? ಸಹಿ ಬೇಡವೇನೋ ನಿಂಗೆ? ಕಾರ್ಡ್ ತೋರಿಸಿ ಎಳೆದು ಹಾಕ್ತಾರೆ."

"ಎಳೀಲಿ."

ರೆಫರಿ ಬಂದ. ಕುಳ್ಳಗಿನ ಮನುಷ್ಯ, ಅವನಿಗೂ ಅವತ್ತು ಮಾಡಲು ಕೆಲಸವಿಲ್ಲದೆ ಮೈ ಜಡ್ಡುಗಟ್ಟಿದಂತಿತ್ತು. ಮೊಂಡ ಜೇಬಿನತ್ತ ಹೋಗುವ ಅವನ ಕೈಗೆ ಕಾದ. ಕೈ ಜೇಬಿಗೆ ಹೋಗಲಿಲ್ಲ.

"ಹೊರಗೆ ಹೋಗ್ತೀಯಾ?"

"ಇಲ್ಲ ಸಾರ್."

"ಖಂಡಿತಾ?"

"ತಲೆ ಮೇಲೆ ತಲೆ ಬಿದ್ರೂ ಇಲ್ಲ."

ರೆಫರಿ ಗೆರೆಯ ಕಡೆ ತಿರುಗಿ, ಬೋರ್ಡು ಕೆಳಗಿಳಿಸಿ ಎಂದು ಸನ್ನೆ ಮಾಡಿದ. ಕೋಚ್ ಕೂಗಾಡಿದ. ರೆಫರಿ ಅವನ ಹತ್ತಿರ ಹೋಗಿ, ಅಂಗಡಿಯವನು ಬೆಲೆ ಹೇಳುವಷ್ಟು ತಣ್ಣಗೆ ಹೇಳಿದ: "ಹೊರಗೆ ಬರಬೇಕಾದ ಆಟಗಾರ ಬರಲ್ಲ ಅಂದ್ರೆ ಆಟ ಮುಂದುವರಿಯತ್ತೆ. ನಿಯಮ ಇರೋದೇ ಹಾಗೆ. ಬಲವಂತ ಮಾಡೋಕೆ ನನಗೆ ಅಧಿಕಾರ ಇಲ್ಲ."

ಕೋಚ್‌ಗೆ ಗೊತ್ತಿರಲಿಲ್ಲ. ಕ್ಯಾಪ್ಟನ್‌ಗೆ ಗೊತ್ತಿರಲಿಲ್ಲ. ಮೊಂಡನಿಗಂತೂ ಗೊತ್ತೇ ಇರಲಿಲ್ಲ. ಬೋರ್ಡು ಎದ್ದಾಗ ಬರಲ್ಲ ಎಂದವರನ್ನು ಅವರ್ಯಾರೂ ಕಂಡಿರಲಿಲ್ಲ, ತಿಳಿಯುವುದು ಎಲ್ಲಿಂದ?

ಆಟ ಶುರುವಾಯಿತು, ಆದರೆ ಅವನಿಗೆ ಯಾರೂ ಚೆಂಡು ಕೊಡಲಿಲ್ಲ. ಸ್ವಂತ ತಂಡದವರೇ ಅವನನ್ನು ಸುತ್ತು ಹಾಕಿ ಪಾಸ್ ಮಾಡತೊಡಗಿದರು. ಸರಿ ಎಂದು ಅವನು ಕ್ಯಾಪ್ಟನ್‌ನ ಕಾಲಿನಿಂದಲೇ ಚೆಂಡು ಕಿತ್ತುಕೊಂಡ. ಮೈದಾನ ಹೋ ಎಂದಿತು. ಬೆನ್ನು ತಟ್ಟಿದ್ದ ಆ ಎದುರಾಳಿ ಈಗ ಗಾಬರಿಯಿಂದ ಕಾಲು ಕೊಟ್ಟು ಅವನನ್ನು ನೆಲಕ್ಕೆ ಕೆಡವಿದ. ಮೊಂಡ ಬಾಯಲ್ಲಿದ್ದ ಹುಲ್ಲು ಉಗುಳಿ ಎದ್ದ.

"ರಜಾ ಮುಗೀತಾ ಅಣ್ಣಾ?"

ಮುಗಿದಿತ್ತು. ಒಪ್ಪಂದ ಮುರಿದವರು ಇವರು ಎಂದು ಆ ಕಡೆಯವರ ಕಣ್ಣು ಕೆಂಪಾದವು. ಅವರೂ ನಿಜಕ್ಕೇ ನುಗ್ಗಿದರು. ಇವರ ಗೋಲಿನ ಮುಂದೆ ಗದ್ದಲವೋ ಗದ್ದಲ. ಕೀಪರ್ ಬಿದ್ದ, ಚೆಂಡು ಗೆರೆ ದಾಟುವಷ್ಟರಲ್ಲಿ ಮೊಂಡ ಎಲ್ಲಿಂದಲೋ ಬಂದು ತಲೆ ಕೊಟ್ಟ. ಹೊಲಿಗೆ ಹಾಕಿದ ಜಾಗಕ್ಕೇ ಬಡಿಯಿತು. ಅದು ಒಳಗೆ ಹೋಗಿದ್ದರೆ ಇಡೀ ತಂಡ ಅವನೊಬ್ಬನಿಂದ ಇಳಿಯುತ್ತಿತ್ತು. ಅದು ಅವನಿಗೂ ಗೊತ್ತಿತ್ತು. ಮೈಯೆಲ್ಲ ಕೆಸರಾದ ಕ್ಯಾಪ್ಟನ್ ಉಳಿದವರ ಮೇಲೆ ಕಿರುಚಿದ, "ಏನ್ ನಿಂತು ನೋಡ್ತಿದೀರ? ಓಡ್ರೋ, ನಿಮ್ಮಜ್ಜಿ ಮನೆ ಅಂದ್ಕೊಂಡ್ರಾ?"

ಮೈಮೇಲೆ ದೇವರು ಬಂದಂತೆ ಎಲ್ಲರೂ ಓಡಿದರು. ಸಿಳ್ಳೆ ಹೊಡೆದಿದ್ದ ಜನ ಸೀಟಿನ ಮೇಲೆ ನಿಂತರು. ಕೊನೆಗೊಮ್ಮೆ ಚೆಂಡು ಕ್ಯಾಪ್ಟನ್‌ನ ಕಾಲಿಗೆ ಬಂತು. ಅವನು ಕೋಚ್‌ನ ಕಡೆ ಒಂದು ಸಲ, ಬಲಗಡೆ ಓಡುತ್ತಿದ್ದ ಮೊಂಡನ ಕಡೆ ಒಂದು ಸಲ ನೋಡಿದ. "ಹಾಳಾಗ್ಹೋಗು, ತಗೋ," ಎಂದು ಉದ್ದಕ್ಕೆ ಪಾಸ್ ಕೊಟ್ಟ.

ಆ ಸೀಸನ್ನಿನಲ್ಲಿ ಮೊಂಡ ಒದ್ದ ಅತ್ಯಂತ ಒಳ್ಳೆಯ ಒದೆತ ಅದು. ಕೀಪರ್ ಹಾರಿದ, ಬೆರಳ ತುದಿ ತಾಗಿಸಿದ, ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ರೆಫರಿ ಕೊನೆಯ ಸೀಟಿ ಊದಿದ. ಗೋಲಿಲ್ಲದೆ ಡ್ರಾ.

ಕೋಚ್‌ಗೆ ಬೇಕಾದದ್ದೇ ಆಗಿತ್ತು, ಆದರೆ ಅವನು ಬಯಸಿದ ಹಾಗೆ ಆಗಿರಲಿಲ್ಲ. ತಂಡ ಉಳಿಯಿತು. ಎಲ್ಲರೂ ಕೈ ಹಿಡಿದು ಜನರಿಗೆ ನಮಸ್ಕಾರ ಹೇಳಲು ಹೊರಟರು. ಕೋಚ್ ಮೊಂಡನ ಪಕ್ಕದಲ್ಲೇ ಹಾದುಹೋದ, ಕಂಬವೊಂದನ್ನು ಹಾದುಹೋಗುವ ಹಾಗೆ. ಮೊಂಡ ಡ್ರೆಸ್ಸಿಂಗ್ ರೂಮಿಗೆ ಹೋಗಲಿಲ್ಲ. ಬ್ಯಾಗು, ಚಪ್ಪಲಿ, ಬಟ್ಟೆ ಎಲ್ಲ ಒಳಗೇ ಬಿಟ್ಟು, ಮುಂದಿನ ಗೇಟಿನಿಂದ ಹೊರಟು, ಡಾಂಬರಿನ ಮೇಲೆ ಬೂಟಿನ ಮೊಳೆ ಟಕಟಕ ಎನಿಸುತ್ತಾ ಮನೆಯವರೆಗೂ ನಡೆದ.

ಅಂಗಡಿಯಲ್ಲಿ ಟೀವಿ ಇನ್ನೂ ಹಾಡುತ್ತಿತ್ತು. ಅರ್ಧ ಗಡ್ಡಕ್ಕೆ ಸೋಪು ಬಳಿಸಿಕೊಂಡ ಬಸ್ ಡ್ರೈವರೊಬ್ಬ ಕುರ್ಚಿಯಲ್ಲಿ ಕೂತಿದ್ದ; ಸೋಪು ಒಣಗಿ ಬಿರುಕು ಬಿಟ್ಟಿತ್ತು. ಅಕ್ಕ ಒಳಬಾಗಿಲಲ್ಲಿ ನಿಂತಿದ್ದಳು. ಭಾವ ಕತ್ತಿಯನ್ನು ಗಾಳಿಯಲ್ಲೇ ಹಿಡಿದು, "ಬಂದಪ್ಪ ಧಣಿ," ಅಂದ.

ಯಾರೂ ಇನ್ನೊಂದು ಮಾತಾಡುವ ಮೊದಲೇ ಭಾವನ ಫೋನು ಬಡಿದುಕೊಂಡಿತು. ತಂಡದ ಮ್ಯಾನೇಜರ್; ಮೊಂಡನ ಫೋನು ಒಳಗೆ ಬಿಟ್ಟ ಬ್ಯಾಗಿನಲ್ಲೇ ಇತ್ತು. ಕೈಯಲ್ಲಿ ಕತ್ತಿಯಿದ್ದದ್ದರಿಂದ ಭಾವ ಸ್ಪೀಕರ್ ಒತ್ತಿದ.

"ನೋಡಪ್ಪ," ಎಂದಿತು ಧ್ವನಿ, "ಬಿಸಿರಕ್ತ, ಅರ್ಥ ಆಗತ್ತೆ. ನಾಳೆ ಬಂದು ಕೋಚ್ ಮುಂದೆ, ಎಲ್ಲರ ಮುಂದೆ, ತಪ್ಪಾಯ್ತು ಅಂತ ಒಂದು ಮಾತು ಹೇಳು. ಸಹಿ ಮಾಡಿಸೋ ಜವಾಬ್ದಾರಿ ನಂದು."

"ಏನು ತಪ್ಪಾಯ್ತು ಅಂತ ಹೇಳಲಿ ಸಾರ್?"

"ಹಠ ಮಾಡಬೇಡ."

"ಹಠ ಅಲ್ಲ ಸಾರ್, ನಿಜವಾಗ್ಲೂ ಕೇಳ್ತಿದೀನಿ. ಚೆಂಡನ್ನ ಮುಂದಕ್ಕೆ ಒದ್ದೆ. ಒದೀಬಾರದಿತ್ತು ಅಂತಾನಾ? ಯಾಕೆ ಒದೀಬಾರದಿತ್ತು ಅಂತ ನೀವು ಹೇಳಿ, ನಾನು ಅದನ್ನೇ ಹೇಳ್ತೀನಿ."

"ಅದೆಲ್ಲ ಬೇಡ. ಬಂದು ಹೇಳ್ತೀಯೋ ಇಲ್ವೋ?" ಎಂದಿತು ಧ್ವನಿ. ಡ್ರೈವರ್ ಕನ್ನಡಿಯಲ್ಲೇ ಮೊಂಡನನ್ನು ನೋಡುತ್ತಿದ್ದ. ಮೊಂಡ ಅಕ್ಕನನ್ನು ನೋಡಿದ. ಅವಳು ಬಾಗಿಲಿನ ಪರದೆಯ ಅಂಚನ್ನು ಬೆರಳಲ್ಲಿ ಮಡಚುತ್ತಿದ್ದಳು, ಬಿಚ್ಚುತ್ತಿದ್ದಳು.

"ಆಗಲ್ಲ ಸಾರ್," ಅಂದ ಮೊಂಡ.

"ಹಾಗಾದ್ರೆ ನಿನ್ನ ಸಾಮಾನು ಮನೆಗೆ ಕಳಿಸ್ತೀವಿ. ಇತ್ತ ಕಡೆ ತಲೆ ಹಾಕಬೇಡ."

"ಕಳಿಸ್ಬೇಡಿ. ನಾನೇ ಬಂದು ತಗೋತೀನಿ. ಎಲ್ಲರೂ ಇರೋ ಹೊತ್ತಿಗೆ ಬರ್ತೀನಿ."

ಫೋನು ಆರಿತು. ಭಾವ ಗಂಟಲು ಸರಿಮಾಡಿಕೊಂಡು, "ಟೈರಂಗಡಿಯವನಿಗೆ ಖುಷಿಯೋ ಖುಷಿ," ಅಂದ.

"ಅವನ ರಾಡು ಅವನೇ ಇಟ್ಕೊಳ್ಳಲಿ," ಅಂದಳು ಅಕ್ಕ. "ತಂಡ ಇದೊಂದೇನಾ ಇರೋದು? ಕೆಳಗಿನ ದರ್ಜೆಲಿ ಆಡೋರಿಗೆ ಕಾಲಿರಲ್ವಾ?" ಆಮೇಲೆ ತಮ್ಮನ ಹತ್ತಿರ ಬಂದು, ಹುಬ್ಬಿನ ಮೇಲೆ ಒಣಗಿದ ರಕ್ತವನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದಳು. ನೋವಾಗುವಷ್ಟೇ ಒತ್ತಿದಳು. "ನಾಳೆ ನಾನೂ ಬರ್ತೀನಿ. ಆ ಜೆರ್ಸಿ ಬಿಚ್ಚು. ಒಗೆದು, ಅವರ ಮುಖದ ಮುಂದೆ ಮಡಚಿ ಕೊಟ್ಟು ಬರೋಣ."

"ಒಗೀಬೇಡಕ್ಕ," ಅಂದ ಮೊಂಡ. "ಕೆಸರು ಹಾಗೇ ಇರಲಿ. ಪಕ್ಕದಲ್ಲಿ ಕೋಚ್‌ನ ಆ ಇಸ್ತ್ರಿ ಮುರಿಯದ ಕೋಟು ಇಟ್ಟು ನೋಡ್ಕೊಳ್ಳಲಿ."