ಹೊರಬೇಲಿಯ ಕಡಸು

ಎರಡು ದಿನದ ದಾರಿ ನಡೆದು, ಕಡಸೊಂದನ್ನು ಹೊಡೆದುಕೊಂಡು, ಸಿರೊಂಕಾ ಗೆಳೆಯನ ಹಟ್ಟಿಯ ಮುಂದೆ ಕೋಲೂರಿ ನಿಂತ.

"ಇದ್ದೀಯೇನೋ ಮೇಯ್ತಮೇಯಿ, ಇಲ್ಲ ಹೋಗ್ಬಿಟ್ಯೋ?"

"ನಿನ್ನನ್ನ ಕಳಿಸದೆ ನಾನೆಲ್ಲಿ ಹೋಗ್ಲೋ, ಮುದಿಗೂಬೆ!"

ಇಬ್ಬರೂ ಓರಗೆಯವರು. ಮಾಸಾಯಿಗಳಲ್ಲಿ ಗೆಳೆಯ ತಂದ ಉಡುಗೊರೆಯ ದನ ಅಂದೇ ಮನೆಯ ದನದೊಳಗೆ ಸೇರಬೇಕು. ಹೊರಗೆ ನಿಲ್ಲಿಸಿದರೆ ಗೆಳೆತನವನ್ನೇ ಹೊರಗೆ ನಿಲ್ಲಿಸಿದಂತೆ.

ಮೇಯ್ತಮೇಯಿಯ ಹೆಂಡತಿ ನಶಿಪಾಯ್ ಅತಿಥಿಗೆ ಸೋರೆಬುರುಡೆಯ ಹಾಲು ಕೊಟ್ಟು, ಜಾಲಿಮರದ ನೆರಳಿನಲ್ಲಿ ನಿಂತಿದ್ದ ಕಡಸಿನ ಬಳಿಗೆ ಹೋದಳು. ಅದು ಮುಂಗಾಲುಗಳನ್ನು ಅಗಲಿಸಿ, ಕತ್ತು ಚಾಚಿ ನಿಂತಿತ್ತು. ಒಣಗೆಮ್ಮು, ಎರಡು ಸಲ. ಅವಳು ಪಕ್ಕೆಗೆ ಕಿವಿಯಿಟ್ಟಳು. ಎಡಕ್ಕೆ ಉಸಿರು ಆಡುತ್ತಿತ್ತು. ಬಲಕ್ಕೆ ಒಣ ಚರ್ಮ ತಿಕ್ಕಿದಂಥ ಸದ್ದು. ತವರಿನ ದನವೆಲ್ಲ ಸತ್ತುಹೋದ ವರ್ಷ ಅವಳು ಇದೇ ಸದ್ದನ್ನು ಕೇಳಿದ್ದಳು. ಉಸಿರಿನಿಂದ ಉಸಿರಿಗೆ ದಾಟುವ ಎದೆಬೇನೆ.

ಇವರದು ಹದಿನೆಂಟು ದನ. ಮೇವಿನಿಂದ ಮರಳುತ್ತಿದ್ದ ಅವುಗಳ ಧೂಳು ಆಗಲೇ ದಿಬ್ಬದ ಮೇಲೆ ಕಾಣುತ್ತಿತ್ತು.

"ಇದು ಒಳಗೆ ಬರೋದು ಬೇಡ," ಎಂದಳು ಗಂಡನಿಗೆ. "ಹೊರಬೇಲಿಯಲ್ಲಿ, ಇದರ ಗಾಳಿ ನಮ್ಮ ದನಕ್ಕೆ ತಾಕದ ಕಡೆ ಇರಲಿ."

"ಅವನೆದುರಿಗೇ ಹೇಳ್ತೀಯಲ್ಲೇ! ನನ್ನ ಮುಖ ಎಲ್ಲಿಡ್ಲಿ?"

"ಮುಖ ಎಲ್ಲಾದ್ರೂ ಇಟ್ಕೊಳ್ಳಿ. ದನ ಎಲ್ಲಿಡ್ತೀರಿ?"

ಸಿರೊಂಕಾ ಬುರುಡೆಯನ್ನು ಕೆಳಗಿಟ್ಟ. "ದಾರಿಯ ಧೂಳಮ್ಮ ಅದು, ಎರಡು ದಿನ ನಡೆದಿದೆ," ಎಂದ. ಅವಳು ದೊಡ್ಡಿಯ ಬಾಗಿಲಿಗೆ ಅಡ್ಡ ಇಡುವ ಮುಳ್ಳುಕೊಂಬೆಯನ್ನು ಹಿಡಿದು ನಿಂತಳು. ಅವನು ಅವಳನ್ನು ನೋಡಿದ, ನೆಲ ನೋಡಿದ.

"ಸುಳ್ಳು ಯಾಕೆ ಹೇಳ್ಲಿ, ತಂಗಿ. ಹೋದ ತಿಂಗಳು ನನ್ನವು ಎರಡು ಇದೇ ಕೆಮ್ಮಿಗೆ ಸತ್ತವು. ಅವನಿಗೆ ಮಾತು ಕೊಟ್ಟಿದ್ದ ಕಡಸು ಇದು. ಉಳಿದಿರೋವಾಗ್ಲೇ ತಲುಪಿಸ್ಬಿಡೋಣ ಅಂತ ಬಂದೆ. ನಿಮ್ಮ ಹದಿನೆಂಟು ದನ ನನ್ನ ತಲೆಗೇ ಬರಲಿಲ್ಲ."

ಯಾರೂ ಬೈಯಲಿಲ್ಲ. ದಿಬ್ಬದ ಧೂಳು ಹತ್ತಿರವಾಗುತ್ತಿತ್ತು. ಮೇಯ್ತಮೇಯಿ ಎದ್ದು ಹೋಗಿ, ದನಗಳು ಕಡಸಿನ ಹತ್ತಿರ ಸುಳಿಯದಂತೆ ಅವನ್ನು ಹಿಂದಿನ ಬಾಗಿಲಿನಿಂದ ಒಳಗೆ ಕೂಡಿದ.

ಮರುದಿನ ಬೆಳಿಗ್ಗೆ ಹೊರಬೇಲಿಯಲ್ಲೇ ಕಡಸನ್ನು ಕೊಯ್ದರು. ಬಲಗಡೆಯ ಪುಪ್ಪುಸ ಪಕ್ಕೆಲುಬಿಗೆ ಅಂಟಿಕೊಂಡು ಕಲ್ಲಾಗಿತ್ತು; ಎದೆಗೂಡಿನ ತುಂಬ ಹಳದಿ ನೀರು. ಸಿರೊಂಕಾ ಅದನ್ನು ಬಹಳ ಹೊತ್ತು ನೋಡಿದ.

"ತಂಗಿ, ನಮ್ಮ ಹಟ್ಟಿಗೆ ಬರ್ತೀಯಾ? ನನ್ನ ಕಿವಿ ಮುದಿಯಾಗಿದೆ."

ಮೂವರೂ ಹೊರಟರು. ಎರಡನೆಯ ಸಂಜೆ ತಲುಪಿದರು. ಬೆಳಗಾದ ಮೇಲೆ, ಎಂಕಾಯಿ ದೇವರಿಗೆ ನಾಲ್ಕು ದಿಕ್ಕಿಗೂ ಹಾಲು ಚಿಮುಕಿಸಿ, ನಶಿಪಾಯ್ ಒಂದೊಂದೇ ದನದ ಪಕ್ಕೆಗೆ ಕಿವಿಯಿಡುತ್ತ ಬಂದಳು. ಎಡಕ್ಕೆ ಕೈ ತೋರಿಸಿದರೆ ಒಳಗೆ, ಬಲಕ್ಕಾದರೆ ಬೇನೆ ಹಿಡಿದವುಗಳ ಬೇರೆ ಬೇಲಿಗೆ. ಹೊಡೆಯುವವನು ಸಿರೊಂಕಾನೇ. ಬಿಸಿಲೇರುವಷ್ಟರಲ್ಲಿ ಬಲಕ್ಕೆ ಹನ್ನೊಂದು ಹೋದವು.

ಕೊನೆಗೆ, ಸಿರೊಂಕಾ ಅಕ್ಕರೆಯಿಂದ ಹಾಡು ಕಟ್ಟಿ ಹೊಗಳುತ್ತಿದ್ದ ಬಿಳಿ ಎತ್ತು ಬಂತು. ಅವಳು ಅದರ ಪಕ್ಕೆಗೆ ಎರಡು ಸಲ ಕಿವಿಯಿಟ್ಟಳು.

"ಹೇಳಮ್ಮ," ಎಂದ ಅವನು.

ಅವಳು ಬಲಕ್ಕೆ ಕೈ ತೋರಿಸಿದಳು. ಸಿರೊಂಕಾ ಕೋಲನ್ನು ಗೆಳೆಯನ ಕೈಗೆ ಕೊಟ್ಟು, ಎತ್ತಿನ ಕೊಂಬು ಹಿಡಿದು ತಾನೇ ನಡೆಸಿಕೊಂಡು ಹೋದ.